ಕಿಂಡಿ ಇದ್ದಷ್ಟು ಬೆಂಕಿ

ಮನೆಯೊಂದರಿಂದ ಹೊಗೆ ಬರುವುದು ಕಂಡರೆ ಸುತ್ತ ಸೇರಿದವರೆಲ್ಲ ಕೂಗುವುದು ಒಂದೇ ಮಾತು: ‘ಬಾಗಿಲು ಒಡೀರಿ, ಕಿಟಕಿ ತೆಗೀರಿ, ಹೊಗೆ ಹೊರಗೆ ಹೋಗ್ಲಿ!’ ಕೂಗುವವರ ಕಾಳಜಿ ನಿಜವಾದದ್ದು. ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದರೆ ಉಸಿರಾಡಲಿ ಎಂಬ ಆತುರ ಅದು. ಆದರೆ ಉರಿಯುವ ಕೋಣೆಯ ಬಾಗಿಲು ತೆರೆದಾಗ ಹೊಗೆ ಹೊರಗೆ ಬರುವಷ್ಟೇ ಖಚಿತವಾಗಿ ಗಾಳಿ ಒಳಗೆ ನುಗ್ಗುತ್ತದೆ. ಉಸಿರು ಕಟ್ಟಿ ಕುಗ್ಗಿದ್ದ ಬೆಂಕಿಗೆ ಬೇಕಾಗಿದ್ದದ್ದೂ ಆ ಗಾಳಿಯೇ. ಅರ್ಧ ಸತ್ತಿದ್ದ ಉರಿ ಒಂದೆರಡು ನಿಮಿಷದಲ್ಲಿ ಇಡೀ ಮನೆಯನ್ನು ತೆಗೆದುಕೊಳ್ಳಬಲ್ಲದು. ಇದು ಅಗ್ನಿಶಾಮಕ ಸಿಬ್ಬಂದಿಗಷ್ಟೇ ಸಾಕು ಎಂದು ಬಿಡಬಹುದಾದ ತಿಳಿವಳಿಕೆಯಲ್ಲ. ಅವರು ಬಂದು ಮುಟ್ಟುವ ಮೊದಲೇ ಬಾಗಿಲಿನ ವಿಚಾರದಲ್ಲಿ ಒಂದು ತೀರ್ಮಾನ ಆಗಿಹೋಗಿರುತ್ತದೆ, ಅದನ್ನು ಮಾಡುವವರು ಮನೆಯವರು ಮತ್ತು ನೆರೆಹೊರೆಯವರು.

ಬಯಲ ಬೆಂಕಿಯ ಸ್ವಭಾವವೇ ಬೇರೆ, ನಾಲ್ಕು ಗೋಡೆಯೊಳಗಿನ ಬೆಂಕಿಯ ಸ್ವಭಾವವೇ ಬೇರೆ. ಕಣದಲ್ಲಿ ಒಟ್ಟಿದ ಬಣವೆಗೆ ಕಿಡಿ ತಗುಲಿದರೆ ಹುಲ್ಲು ಎಷ್ಟಿದೆಯೋ ಅಷ್ಟು ಬೆಂಕಿ, ಅಲ್ಲಿ ಗಾಳಿಗೆ ಬರವಿಲ್ಲ. ಕೋಣೆಯಲ್ಲಿ ಈ ನಿಯಮ ನಡೆಯುವುದು ಮೊದಲ ಕೆಲವು ನಿಮಿಷ ಮಾತ್ರ. ಆಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಉರಿಯಲು ಸೋಫಾ ಇದೆ, ಹಾಸಿಗೆಯಿದೆ, ಪರದೆಯಿದೆ, ಬೀರುವಿನ ತುಂಬ ಬಟ್ಟೆಯಿದೆ, ಗಾಳಿ ಮಾತ್ರ ಸಾಲದು. ಈ ಹಂತ ಮುಟ್ಟಿದ ಬೆಂಕಿಯ ಗಾತ್ರವನ್ನು ನಿರ್ಧರಿಸುವುದು ಬಾಗಿಲು ಕಿಟಕಿಗಳು ಎಷ್ಟು ತೆರೆದಿವೆ ಎಂಬ ಒಂದೇ ಸಂಗತಿ.

ಇದ್ದಿಲು ಸುಡುವವರ ಕಸುಬು ನಿಂತಿರುವುದೇ ಈ ತಿಳಿವಳಿಕೆಯ ಮೇಲೆ. ಸೌದೆಯನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಸೊಪ್ಪು ಹೊದಿಸಿ, ಹಸಿಮಣ್ಣು ಮೆತ್ತಿ, ಬುಡದಲ್ಲಿ ಕೆಲವೇ ಕಿಂಡಿಗಳನ್ನು ಬಿಡುತ್ತಾರೆ. ಹೊಗೆಯ ಬಣ್ಣ ನೋಡಿ ಒಂದು ಕಿಂಡಿ ಮುಚ್ಚುತ್ತಾರೆ, ಇನ್ನೊಂದನ್ನು ತೆಗೆಯುತ್ತಾರೆ. ಒಳಗೆ ಕೆಂಡವಿದೆ, ಬೇಕಾದಷ್ಟು ಸೌದೆಯಿದೆ, ಆದರೂ ಉರಿ ಏಳುವುದಿಲ್ಲ. ಮಣ್ಣಿನ ಹೊದಿಕೆ ಒಂದು ಕಡೆ ಬಿರುಕು ಬಿಟ್ಟು ಯಾರ ಗಮನಕ್ಕೂ ಬರದೆ ಹೋದರೆ ಬೆಳಗಾಗುವಷ್ಟರಲ್ಲಿ ಇದ್ದಿಲಿನ ಬದಲು ಬೂದಿ ಸಿಗುತ್ತದೆ.

ಗಾಳಿಗೂ ಶಾಖಕ್ಕೂ ಇರುವ ನಂಟಿಗೆ ಖಚಿತವಾದ ಅಳತೆ ಸಿಕ್ಕಿದ್ದು 1917ರಲ್ಲಿ. ಬ್ರಿಟನ್ನಿನ ಥಾರ್ನ್‌ಟನ್ ಎಂಬ ವಿಜ್ಞಾನಿ ಒಂದು ಸೋಜಿಗದ ಸಂಗತಿಯನ್ನು ತೋರಿಸಿದ. ಉರಿಯುವ ವಸ್ತು ಯಾವುದೇ ಇರಲಿ, ಅದು ಬಳಸಿಕೊಳ್ಳುವ ಪ್ರತಿ ಕಿಲೋ ಆಮ್ಲಜನಕಕ್ಕೆ ಹೊಮ್ಮುವ ಶಾಖ ಹೆಚ್ಚುಕಡಿಮೆ ಒಂದೇ. 1980ರಲ್ಲಿ ಅಮೆರಿಕದ ಹಗೆಟ್ ಮರ, ಬಟ್ಟೆ, ಪ್ಲಾಸ್ಟಿಕ್ ಮೊದಲಾದವನ್ನೆಲ್ಲ ಪರಿಶೀಲಿಸಿ ಆ ಸಂಖ್ಯೆಯನ್ನು 13.1 ಮೆಗಾಜೂಲ್ ಎಂದು ನಿಗದಿ ಮಾಡಿದರು. ಸೌದೆಯಾದರೂ ಅಷ್ಟೇ, ಸೋಫಾದ ಫೋಮ್ ಆದರೂ ಅಷ್ಟೇ. ಒಳಗೆ ಬರುವ ಗಾಳಿಯ ಅಳತೆ ಗೊತ್ತಾದರೆ ಒಳಗಿನ ಬೆಂಕಿಯ ಮಿತಿಯೂ ಗೊತ್ತಾಯಿತು.

ನಮ್ಮ ಮನೆಗಳದೇ ಲೆಕ್ಕ ಹಾಕೋಣ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮಲಗುವ ಕೋಣೆ. ಅದರಲ್ಲಿ ಹಿಡಿಯುವುದು 36 ಘನ ಮೀಟರ್ ಗಾಳಿ, ತೂಕದಲ್ಲಿ ಸುಮಾರು 43 ಕಿಲೋ. ಅದರಲ್ಲಿ ಆಮ್ಲಜನಕ ಹತ್ತು ಕಿಲೋದಷ್ಟು. ಆದರೆ ಬೆಂಕಿ ಅದನ್ನು ಪೂರ್ತಿ ಬಳಸಲಾರದು. ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಶೇ 15ರ ಆಸುಪಾಸಿಗೆ ಇಳಿಯುತ್ತಿದ್ದಂತೆ ಜ್ವಾಲೆ ಸಾಮಾನ್ಯವಾಗಿ ನಿಲ್ಲಲಾರದೆ ಕುಸಿಯುತ್ತದೆ. ಅಂದರೆ ಬಳಕೆಗೆ ಸಿಗುವುದು ಮೂರು ಕಿಲೋಗಿಂತ ತುಸು ಕಡಿಮೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ ಆ ಕೋಣೆಯ ಗಾಳಿಯಿಂದ ಉರಿಯಬಹುದಾದದ್ದು ಸುಮಾರು ಎರಡೂವರೆ ಕಿಲೋ ಸೌದೆ, ಅಷ್ಟೇ. ಮಂಚ, ಹಾಸಿಗೆ, ಬೀರುಗಳ ತೂಕ ನೂರಾರು ಕಿಲೋ ಇದ್ದರೂ ಹೊರಗಿನಿಂದ ಗಾಳಿ ಬಾರದಿದ್ದರೆ ಬೆಂಕಿ ಮುಂದೆ ಹೋಗಲಾರದು. ಈ ಲೆಕ್ಕವನ್ನು ಮೊದಲ ಸಲ ನೋಡಿದವರಿಗೆ ನಂಬಲು ಕಷ್ಟ. ಮುಚ್ಚಿದ ಒಂದು ಬಾಗಿಲಿಗೆ ಎಷ್ಟು ಬಲವಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಬೇರೆ ಲೆಕ್ಕ ನನಗೆ ಗೊತ್ತಿಲ್ಲ.

ಬಾಗಿಲು ತೆರೆದರೆ ಏನಾಗುತ್ತದೆ? ಇದಕ್ಕೆ ಉತ್ತರ ಕೊಟ್ಟವರು ಜಪಾನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಕುನಿಯೊ ಕವಾಗೊಯೆ. ಕೋಣೆಗಳಲ್ಲಿ ಮರ ಉರಿಸಿ, ಒಂದೊಂದು ಸಲ ಒಂದೊಂದು ಅಳತೆಯ ತೆರಪು ಬಿಟ್ಟು ನಡೆಸಿದ ಪ್ರಯೋಗಗಳ ವರದಿಯನ್ನು ಅವರು 1958ರಲ್ಲಿ ಪ್ರಕಟಿಸಿದರು. ತೆರಪಿನ ವಿಸ್ತೀರ್ಣವನ್ನು ಅದರ ಎತ್ತರದ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು 5.5ರಿಂದ ಗುಣಿಸಿದರೆ ಆ ಕೋಣೆಯಲ್ಲಿ ನಿಮಿಷಕ್ಕೆ ಎಷ್ಟು ಕಿಲೋ ಮರ ಉರಿಯುತ್ತದೆ ಎಂಬುದು ಸಿಗುತ್ತದೆ. ವಿಸ್ತೀರ್ಣ ಚದರ ಮೀಟರಿನಲ್ಲಿರಬೇಕು, ಎತ್ತರ ಮೀಟರಿನಲ್ಲಿ. ಬೆಂಕಿಯಷ್ಟು ಅಂಕೆಗೆ ಸಿಗದ ವಸ್ತುವಿಗೆ ಇಷ್ಟು ಸರಳವಾದ ಸೂತ್ರ! ಜಗತ್ತಿನ ಬೇರೆ ಬೇರೆ ಪ್ರಯೋಗಾಲಯಗಳು ಆಮೇಲೆ ಇದಕ್ಕೆ ತಿದ್ದುಪಡಿಗಳನ್ನು ಸೇರಿಸಿವೆ, ಆದರೆ ಅಗ್ನಿ ಎಂಜಿನಿಯರಿಂಗ್ ಓದುವವರು ಇವತ್ತಿಗೂ ಇಲ್ಲಿಂದಲೇ ಶುರು ಮಾಡುತ್ತಾರೆ.

ಅಡುಗೆಮನೆಯ ಗೋಡೆಯ ಮೇಲ್ಭಾಗದಲ್ಲಿರುವ ಚಿಕ್ಕ ವೆಂಟಿಲೇಟರ್ ಎರಡಡಿ ಅಗಲ, ಒಂದಡಿ ಎತ್ತರ ಇದ್ದರೆ ಅದರ ಬಲದಿಂದ ನಿಮಿಷಕ್ಕೆ ಉರಿಯುವುದು ಅರ್ಧ ಕಿಲೋ ಮರ. ಅಗಲ 90 ಸೆಂಟಿಮೀಟರ್, ಎತ್ತರ ಎರಡು ಮೀಟರ್ ಇರುವ ಸಾಮಾನ್ಯ ಬಾಗಿಲನ್ನು ಪೂರ್ತಿ ತೆರೆದರೆ 14 ಕಿಲೋ! ಅಂಥ ಬಾಗಿಲಿನ ಮೂಲಕ ಬರುವ ಗಾಳಿ ಕೋಣೆಯೊಳಗೆ ಸುಮಾರು 3,800 ಕಿಲೋವ್ಯಾಟ್ ಶಾಖದ ಬೆಂಕಿಯನ್ನು ಸಾಕಬಲ್ಲದು. ಬಚ್ಚಲುಮನೆಯ ಎರಡು ಕಿಲೋವ್ಯಾಟ್ ಗೀಸರುಗಳನ್ನು 1,900ರಷ್ಟು ತಂದು ಒಂದೇ ಕೋಣೆಯಲ್ಲಿ ಹಚ್ಚಿಟ್ಟಂತೆ.

ಸೂತ್ರದಲ್ಲಿ ಎತ್ತರಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿರುವುದನ್ನು ಗಮನಿಸಬೇಕು. ಅರ್ಧ ಮೀಟರ್ ಅಗಲ, ಎರಡು ಮೀಟರ್ ಎತ್ತರದ ಕಿಟಕಿಯನ್ನೂ, ಎರಡು ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಕಿಟಕಿಯನ್ನೂ ಹೋಲಿಸಿ ನೋಡಿ. ಎರಡರ ವಿಸ್ತೀರ್ಣವೂ ಒಂದು ಚದರ ಮೀಟರ್. ಆದರೆ ನಿಂತ ಕಿಟಕಿ ಮಲಗಿದ ಕಿಟಕಿಯ ಎರಡರಷ್ಟು ಬೆಂಕಿಯನ್ನು ಪೋಷಿಸುತ್ತದೆ. ಕಾರಣ ಸರಳ. ಬಿಸಿಯಾದ ಹೊಗೆ ಹಗುರ, ಅದು ತೆರಪಿನ ಮೇಲ್ಭಾಗದಿಂದ ಹೊರಗೆ ಹರಿಯುತ್ತದೆ. ಅದೇ ತೆರಪಿನ ಕೆಳಭಾಗದಿಂದ ತಂಪು ಗಾಳಿ ಒಳಗೆ ಬರುತ್ತದೆ. ತೆರಪು ಎತ್ತರವಾದಷ್ಟೂ ಒಳಗಿನ ಹಗುರ ಗಾಳಿಗೂ ಹೊರಗಿನ ಭಾರದ ಗಾಳಿಗೂ ಒತ್ತಡದ ಅಂತರ ಹೆಚ್ಚಿ ಹರಿವಿನ ವೇಗ ಏರುತ್ತದೆ. ಉರಿಯುವ ಮನೆಯ ಬಾಗಿಲನ್ನು ದೂರದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಮೇಲರ್ಧದಿಂದ ಕಪ್ಪು ಹೊಗೆ ಹೊರಳಿ ಹೊರಬರುತ್ತಿರುತ್ತದೆ, ಕೆಳಗೆ ನೆಲದ ಹತ್ತಿರ ತಿಳಿಯಾಗಿರುತ್ತದೆ. ಆ ತಿಳಿಭಾಗದಿಂದಲೇ ಬೆಂಕಿಗೆ ಗಾಳಿ ಹೋಗುವುದು. ಕೆಳಗೊಂದು, ಮೇಲೊಂದು ಎಂದು ಎರಡು ಕಡೆ ತೆರೆದುಕೊಂಡರೆ ಸೆಳೆತ ಇನ್ನೂ ಜೋರು. ಕೆಳಮಹಡಿಯ ಬಾಗಿಲು ತೆರೆದು, ಮೆಟ್ಟಿಲ ತುದಿಯ ಟೆರೇಸಿನ ಬಾಗಿಲೂ ತೆರೆದಿದ್ದರೆ ಇಡೀ ಮನೆ ಹೊಗೆಕೊಳವೆಯಾಗುತ್ತದೆ.

ಕೋಣೆಯೊಳಗೆ ಸೂರಿನಡಿ ಸೇರಿದ ಹೊಗೆಯ ಪದರ ಬರೀ ಮಸಿಯಲ್ಲ, ಉರಿಯದೆ ಉಳಿದ ಇಂಧನ. ಅದರ ಬಿಸಿ 500-600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೇಲಿನಿಂದ ಸುರಿಯುವ ಶಾಖಕ್ಕೆ ನೆಲದ ಮೇಲಿನ ಚಾಪೆ, ಕಾಗದ, ಕುರ್ಚಿಗಳೂ ಜ್ವಾಲೆ ಮುಟ್ಟದೆಯೇ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಇದನ್ನು ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಆ ಕೋಣೆಯಲ್ಲಿ ಆಗ ಯಾರೂ ಬದುಕುಳಿಯಲಾರರು, ಪೂರ್ತಿ ರಕ್ಷಣಾ ಉಡುಪು ತೊಟ್ಟ ಸಿಬ್ಬಂದಿಗೂ ಸಿಗುವುದು ಕೆಲವೇ ಕ್ಷಣ.

ಈ ಗಳಿಗೆ ಹಿಂದೆ ನಿಧಾನವಾಗಿ ಬರುತ್ತಿತ್ತು, ಈಗ ಓಡಿ ಬರುತ್ತದೆ. ಸುರಕ್ಷತಾ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯುಎಲ್ ಸಂಸ್ಥೆ ಎರಡು ಬೈಠಕ್ ಕೋಣೆಗಳನ್ನು ಸಜ್ಜುಗೊಳಿಸಿ ಸುಟ್ಟು ನೋಡಿತು. ಹತ್ತಿ, ಮರದಂಥ ಹಳೆಯ ಕಾಲದ ಸಾಮಗ್ರಿಯಿದ್ದ ಕೋಣೆ ಫ್ಲ್ಯಾಶ್‌ಓವರ್ ಮುಟ್ಟಲು 29 ನಿಮಿಷಕ್ಕೂ ಮಿಕ್ಕಿ ತೆಗೆದುಕೊಂಡಿತು. ಫೋಮ್, ಪಾಲಿಯೆಸ್ಟರ್ ತುಂಬಿದ ಇಂದಿನ ಕೋಣೆಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಹೀಗೆ ವೇಗವಾಗಿ ಬೆಳೆಯುವ ಬೆಂಕಿ ಕೋಣೆಯ ಗಾಳಿಯನ್ನೂ ಅಷ್ಟೇ ವೇಗವಾಗಿ ತಿಂದು ಮುಗಿಸುತ್ತದೆ. ಎಸಿಗಾಗಿ ಸಂದುಗೊಂದು ಮುಚ್ಚಿದ, ಅಲ್ಯೂಮಿನಿಯಂ ಚೌಕಟ್ಟಿನ ಕಿಟಕಿಯ ಕೋಣೆಯಲ್ಲಂತೂ ಬೆಂಕಿ ಬೇಗನೆ ಏದುಸಿರು ಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಜ್ವಾಲೆ ಕಾಣದು, ಬೆಂಕಿ ಆರಿತು ಎನಿಸುತ್ತದೆ. ಅಪಾಯ ಇರುವುದು ಅಲ್ಲಿಯೇ. ಇದೇ ಸಂಸ್ಥೆ ಪೂರ್ಣ ಗಾತ್ರದ ಮನೆಗಳನ್ನು ಕಟ್ಟಿ ನಡೆಸಿದ ಪ್ರಯೋಗಗಳಲ್ಲಿ, ಗಾಳಿ ಸಾಲದೆ ಕುಗ್ಗಿದ್ದ ಬೆಂಕಿ ಮುಂಬಾಗಿಲು ತೆರೆದ ಮೇಲೆ ಫ್ಲ್ಯಾಶ್‌ಓವರಿಗೆ ಏರಲು ಒಂದಂತಸ್ತಿನ ಮನೆಯಲ್ಲಿ ಸುಮಾರು 100 ಸೆಕೆಂಡು, ಎರಡಂತಸ್ತಿನದರಲ್ಲಿ ಸುಮಾರು 200 ಸೆಕೆಂಡು ಸಾಕಾಯಿತು.

ಪ್ರಯೋಗದ ಮಾತಾಯಿತು, ನಡೆದ ದುರಂತವೊಂದನ್ನು ನೋಡೋಣ. 1994ರ ಮಾರ್ಚ್ 28ರ ಸಂಜೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, 62 ವಾಟ್ಸ್ ಸ್ಟ್ರೀಟ್ ವಿಳಾಸದ ಮೂರಂತಸ್ತಿನ ವಸತಿ ಕಟ್ಟಡದ ಚಿಮಣಿಯಿಂದ ಹೊಗೆ, ಕಿಡಿ ಬರುತ್ತಿದೆ ಎಂದು ಅಗ್ನಿಶಾಮಕ ಇಲಾಖೆಗೆ ಕರೆ ಹೋಯಿತು. ಮೊದಲ ಮಹಡಿಯ ಮನೆಯವರು ಕಸದ ಪ್ಲಾಸ್ಟಿಕ್ ಚೀಲವನ್ನು ಗ್ಯಾಸ್ ಒಲೆಯ ಮೇಲೆ ಬಿಟ್ಟು ಹೊರಗೆ ಹೋಗಿದ್ದರು. ಚೀಲಕ್ಕೆ ಬೆಂಕಿ ತಗುಲಿ ಬೆಳೆಯಿತು. ಆದರೆ ಆ ಮನೆಗೆ ಶಾಖ ಸೋರದಂತೆ ಎಲ್ಲ ಕಡೆ ಬಿಗಿಯಾಗಿ ಹೊದಿಕೆ ಹಾಕಿದ್ದರು, ಗಾಳಿ ಸಾಲದೆ ಬೆಂಕಿ ಕುಗ್ಗಿತು. ಸುಮಾರು ಒಂದು ಗಂಟೆ ಕಾಲ ಅದು ಒಳಗೇ ಬೇಯುತ್ತ, ಉರಿಯದ ಅನಿಲಗಳನ್ನು ಮನೆಯ ತುಂಬ ತುಂಬಿಸುತ್ತ ಇತ್ತು. ಸಿಬ್ಬಂದಿ ಬಂದರು. ಒಂದು ತಂಡ ಮೊದಲ ಮಹಡಿಯ ಬಾಗಿಲಿಗೆ, ಮೂವರ ಇನ್ನೊಂದು ತಂಡ ಎರಡನೆಯ ಮಹಡಿಯ ಬಾಗಿಲಿಗೆ ಹೋಯಿತು. ಮೆಟ್ಟಿಲಿನ ಹೊಗೆ ಹೋಗಲೆಂದು ಮೇಲ್ಚಾವಣಿಯ ತೆರಪನ್ನೂ ತೆಗೆದರು.

ಮೊದಲ ಮಹಡಿಯ ಬಾಗಿಲನ್ನು ಒಡೆದು ತೆರೆದಾಗ ಬಿಸಿ ಗಾಳಿ ಮೇಲಿನಿಂದ ಹೊರಗೆ ಹರಿಯಿತು, ತಂಪು ಗಾಳಿ ಕೆಳಗಿನಿಂದ ಒಳಗೆ ನುಗ್ಗಿತು. ಮರುಕ್ಷಣವೇ ಬಾಗಿಲಿನಿಂದ ಎದ್ದ ಜ್ವಾಲೆ ಮೆಟ್ಟಿಲನ್ನೇ ಹಿಡಿದು ಮೇಲಕ್ಕೆ ಹೋಯಿತು. ಎರಡನೆಯ ಮಹಡಿಯ ಮೆಟ್ಟಿಲ ಬಳಿಯಿದ್ದ ಮೂವರು ಅದರಲ್ಲಿ ಸಿಕ್ಕಿ ಜೀವ ಕಳೆದುಕೊಂಡರು. ಆ ಜ್ವಾಲೆ ಆರೂವರೆ ನಿಮಿಷ ನಿಂತಿತ್ತು. ಒಂದು ಚಿಕ್ಕ ಮನೆಯಿಂದ ಇಷ್ಟು ಹೊತ್ತು ಜ್ವಾಲೆ ಹೊಮ್ಮಲು ಹೇಗೆ ಸಾಧ್ಯ ಎಂದು ಇಲಾಖೆಗೇ ಗೊತ್ತಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಎಂಜಿನಿಯರರು ಕಂಪ್ಯೂಟರಿನಲ್ಲಿ ಆ ಬೆಂಕಿಯನ್ನು ಮರುಸೃಷ್ಟಿಸಿ ನೋಡಿದರು. ಒಂದು ಗಂಟೆಯ ಕಾಲ ಗಾಳಿಯಿಲ್ಲದೆ ಬೆಂದು ಶೇಖರವಾದ ಅನಿಲವೇ ಅಷ್ಟು ಹೊತ್ತಿನ ಜ್ವಾಲೆಗೆ ಸಾಕು ಎಂದು ಲೆಕ್ಕ ತೋರಿಸಿತು. ಹೀಗೆ ಶೇಖರವಾದ ಅನಿಲ ಗಾಳಿ ಸಿಕ್ಕೊಡನೆ ಹೊತ್ತಿ ಹೊರಗೆ ನುಗ್ಗುವುದಕ್ಕೆ ಬ್ಯಾಕ್‌ಡ್ರಾಫ್ಟ್ ಎಂದು ಹೆಸರು. ಆ ಸಿಬ್ಬಂದಿ ಆ ಕಾಲದ ಪದ್ಧತಿಯಂತೆಯೇ ಕೆಲಸ ಮಾಡಿದ್ದರು, ಅವರಿಂದ ತಪ್ಪಾಗಿರಲಿಲ್ಲ. ಮನೆಗಳು ಬದಲಾಗಿದ್ದವು, ಪದ್ಧತಿ ಇನ್ನೂ ಬದಲಾಗಿರಲಿಲ್ಲ.

ಇಂಥ ಕೋಣೆಯನ್ನು ಹೊರಗಿನಿಂದಲೇ ಗುರುತಿಸಬಹುದು. ಜ್ವಾಲೆ ಕಾಣುವುದಿಲ್ಲ, ಕಿಟಕಿ ಗಾಜು ಒಳಗಿನಿಂದ ಕಂದು ಮಸಿ ಮೆತ್ತಿ ಬಿಸಿಯಾಗಿರುತ್ತದೆ, ಬಾಗಿಲ ಸಂದಿನಲ್ಲಿ ಹೊಗೆ ಒಮ್ಮೆ ಹೊರಬಂದು ಇನ್ನೊಮ್ಮೆ ಒಳಗೆ ಸೆಳೆದುಕೊಳ್ಳುತ್ತದೆ. ಹಾಗೆ ಕಂಡರೆ ಆ ಬಾಗಿಲನ್ನು ಮುಟ್ಟಬೇಡಿ.

ಬೆಂಕಿಗಿಂತ ಹೆಚ್ಚು ಜನರನ್ನು ಕೊಲ್ಲುವುದು ಹೊಗೆ. ಗಾಳಿ ಸಾಲದ ಬೆಂಕಿಯ ಹೊಗೆ ಇನ್ನೂ ಕೆಟ್ಟದ್ದು. ಚೆನ್ನಾಗಿ ಉರಿದರೆ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಆಗಬೇಕಾದದ್ದು ಅರೆಬರೆ ಉರಿದಾಗ ಇಂಗಾಲದ ಮಾನಾಕ್ಸೈಡ್ ಆಗಿ ಬರುತ್ತದೆ. ಬಣ್ಣ ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿರುವವರು ಏಳುವುದೇ ಇಲ್ಲ. ಅದಕ್ಕೇ ಉರಿಯುವ ಕೋಣೆಗೂ ಜನರಿರುವ ಕೋಣೆಗೂ ನಡುವಿನ ಪ್ರತಿ ತೆರಪೂ ಜೀವದ ಪ್ರಶ್ನೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಬೆಂಕಿ ಹೊತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ. ಹೊಗೆ ಮೆಟ್ಟಿಲ ಮಾರ್ಗ ಹಿಡಿದು ಮೇಲೇರಿತು. 59 ಜನ ಸತ್ತರು, ಬಹುಪಾಲು ಬಾಲ್ಕನಿಯಲ್ಲಿ ಉಸಿರುಗಟ್ಟಿ.

ಬೆಂಗಳೂರಿಗರು ಮರೆಯಬಾರದ ದಿನ 2010ರ ಫೆಬ್ರುವರಿ 23. ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದ ವಿದ್ಯುತ್ ಡಕ್ಟಿನಲ್ಲಿ ಹೊತ್ತಿದ ಬೆಂಕಿ ದೊಡ್ಡದೇನೂ ಆಗಿರಲಿಲ್ಲ. ಹೊಗೆ ಮಹಡಿಗಳನ್ನು ತುಂಬಿತು. ಉಸಿರಿಗಾಗಿ ಜನ ಗಾಜು ಒಡೆದರು, ಹಲವರು ಕೆಳಗೆ ಜಿಗಿದರು. ಒಂಬತ್ತು ಜೀವಗಳು ಹೋದವು. ಆ ನೋವಿನಿಂದ ಹುಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ನಾಗರಿಕ ಸಂಘಟನೆ ಅಗ್ನಿಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸುವ ಕೆಲಸ ಮಾಡುತ್ತ ಬಂದಿದೆ. ಕೇಬಲ್ಲು, ಪೈಪು ಹಾಯುವ ಡಕ್ಟನ್ನು ಪ್ರತಿ ಮಹಡಿಯ ಮಟ್ಟದಲ್ಲೂ ಉರಿಯದ ಸಾಮಗ್ರಿಯಿಂದ ಮುಚ್ಚಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಮುಚ್ಚದೆ ಬಿಟ್ಟರೆ ಕಟ್ಟಡದ ನಡುವೆ ನೆಲದಿಂದ ತಾರಸಿಯವರೆಗೆ ನಾವೇ ಒಂದು ಚಿಮಣಿ ಕಟ್ಟಿಕೊಟ್ಟಂತಾಯಿತು. ಇಂಟರ್ನೆಟ್ ತಂತಿ ಎಳೆಯುವವರು ಮುಚ್ಚಿದ್ದನ್ನು ಒಡೆದು ಹಾಗೇ ಬಿಟ್ಟು ಹೋಗುವುದು ಸಾಮಾನ್ಯ. ಮೆಟ್ಟಿಲಿನ ಅಗ್ನಿಬಾಗಿಲು ತಾನಾಗಿ ಮುಚ್ಚಿಕೊಳ್ಳಲೆಂದು ಮಾಡಿದ್ದು, ಅದಕ್ಕೆ ಇಟ್ಟಿಗೆ ಒತ್ತಿ ಗಾಳಿ ಬೆಳಕಿಗೆಂದು ತೆರೆದಿಡುತ್ತಾರೆ. ಕೋಟಿ ಬೆಲೆಯ ಫ್ಲ್ಯಾಟಿನವರು ಆ ಒಂದು ಇಟ್ಟಿಗೆಯನ್ನು ತೆಗೆಸದಿರುವುದು ಅಕ್ಷಮ್ಯ.

ಹಾಗಾದರೆ ತೆರಪುಗಳೆಲ್ಲ ಕೆಟ್ಟವೇ? ಅಲ್ಲ. ಮಾಲ್‌ಗಳ ಎತ್ತರದ ಅಂಗಳಗಳಲ್ಲಿ, ಗೋದಾಮುಗಳಲ್ಲಿ, ಮೆಟ್ಟಿಲ ಮಾರ್ಗದ ತುದಿಯಲ್ಲಿ ಹೊಗೆ ಹೋಗಲೆಂದೇ ಲೆಕ್ಕ ಹಾಕಿ ಬಿಟ್ಟ ತೆರಪುಗಳು ಜೀವ ಉಳಿಸುತ್ತವೆ. ಅವು ಹೊಗೆಯ ಪದರವನ್ನು ತಲೆಯ ಎತ್ತರಕ್ಕಿಂತ ಮೇಲೆ ಹಿಡಿದಿಟ್ಟು ಜನರಿಗೆ ಹೊರಬರಲು ಸಮಯ ಕೊಡುತ್ತವೆ. ಅಗ್ನಿಶಾಮಕ ದಳದವರೂ ಕಿಟಕಿ ಒಡೆಯುತ್ತಾರೆ, ಆದರೆ ನೀರಿನ ಪೈಪು ಸಿದ್ಧವಾಗಿದ್ದಾಗ, ಯಾವ ಕಡೆಯಿಂದ ಗಾಳಿ ಬಂದು ಯಾವ ಕಡೆಗೆ ಹೊಗೆ ಹೋಗಬೇಕೆಂದು ನಿಶ್ಚಯಿಸಿಕೊಂಡ ಮೇಲೆ. ನೀರಿಲ್ಲದೆ ಗಾಳಿ ಕೊಟ್ಟರೆ ಅದು ಬೆಂಕಿಗೆ ಕೊಟ್ಟ ಊಟ. ಎತ್ತರದ ಕಟ್ಟಡಗಳಲ್ಲಿ ಹೊರಗಿನ ಬೀಸುಗಾಳಿಯೂ ಸೇರಿಕೊಳ್ಳುತ್ತದೆ. 2008ರಲ್ಲಿ ನ್ಯೂಯಾರ್ಕಿನ ಗವರ್ನರ್ಸ್ ದ್ವೀಪದ ಏಳಂತಸ್ತಿನ ಖಾಲಿ ಕಟ್ಟಡದಲ್ಲಿ ನಡೆಸಿದ ಪ್ರಯೋಗಗಳು ಒಡೆದ ಕಿಟಕಿಯಿಂದ ಗಾಳಿ ಬೀಸಿದಾಗ ಜ್ವಾಲೆ ಹೇಗೆ ಕಾರಿಡಾರಿಗೆ ಚಾಚುತ್ತದೆ ಎಂಬುದನ್ನು ತೋರಿಸಿದವು. ಗಾಳಿಯ ಆ ಹಾದಿಯನ್ನು ತಡೆದಾಗ ಕಾರಿಡಾರಿನ ಬಿಸಿ ಇಳಿಯಿತು.

ಇನ್ನೊಂದು ಮಾತನ್ನು ಇಲ್ಲಿ ಬೇರ್ಪಡಿಸಿ ಹೇಳಲೇಬೇಕು. ಅಡುಗೆ ಅನಿಲ ಸೋರಿ ವಾಸನೆ ಬರುತ್ತಿದ್ದರೆ, ಇನ್ನೂ ಬೆಂಕಿ ಹೊತ್ತಿಲ್ಲದಿದ್ದರೆ ಬಾಗಿಲು ಕಿಟಕಿ ಎಲ್ಲ ತೆರೆಯಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ, ಹೊರಗೆ ಹೋಗಲು ಅದಕ್ಕೆ ದಾರಿ ಬೇಕು. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಬೆಂಕಿ ಹೊತ್ತಿದ ಮೇಲೆ ನಿಯಮ ಪೂರ್ತಿ ಉಲ್ಟಾ. ಸೋರಿಕೆಗೆ ತೆರೆ, ಬೆಂಕಿಗೆ ಮುಚ್ಚು. ಈ ಎರಡು ಕಲಸಿಹೋಗಿರುವುದರಿಂದಲೇ ನಮ್ಮಲ್ಲಿ ಹೊಗೆ ಕಂಡಲ್ಲೆಲ್ಲ ಕಿಟಕಿ ತೆಗೆಯುವ ಅಭ್ಯಾಸ ಬೆಳೆದಿದೆ ಎಂದು ನನ್ನ ಅನಿಸಿಕೆ.

ಯುಎಲ್ ಪ್ರಯೋಗಗಳಲ್ಲಿ ಒಂದೇ ಮನೆಯ ಎರಡು ಮಲಗುವ ಕೋಣೆಗಳನ್ನು ಹೋಲಿಸಿದ್ದರು. ಬಾಗಿಲು ತೆರೆದಿದ್ದ ಕೋಣೆಯ ಬಿಸಿ 500 ಡಿಗ್ರಿ ದಾಟಿದಾಗ, ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ ಅದು 40ರ ಆಸುಪಾಸಿನಲ್ಲಿತ್ತು. ನಡುವೆ ಇದ್ದದ್ದು ಸಾಮಾನ್ಯ ಮರದ ಬಾಗಿಲು.

ಇವತ್ತು ರಾತ್ರಿ ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳಿ, ಚಿಲಕ ಹಾಕುವುದು ಬೇಡ. ಮನೆಯಲ್ಲಿ ಬೆಂಕಿ ಹೊತ್ತಿ ನಿಮ್ಮಿಂದ ಆರಿಸಲಾಗದಿದ್ದರೆ ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಹೊರಗೆ ಬನ್ನಿ. ಬರುವಾಗ ಉರಿಯುವ ಕೋಣೆಯ ಬಾಗಿಲನ್ನೂ, ಆಮೇಲೆ ಮನೆಯ ಬಾಗಿಲನ್ನೂ ಎಳೆದು ಮುಚ್ಚಿ. ಹೊರಬರಲು ದಾರಿಯಿಲ್ಲದಿದ್ದರೆ ಬೆಂಕಿಗೂ ನಿಮಗೂ ನಡುವೆ ಒಂದು ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಬೀದಿಯ ಕಡೆಯ ಕಿಟಕಿಯಲ್ಲಿ ಕಾಣಿಸಿಕೊಳ್ಳಿ. 101 ಅಥವಾ 112ಕ್ಕೆ ಕರೆ ಮಾಡಿದಾಗ ಯಾವ ಕೋಣೆ ಉರಿಯುತ್ತಿದೆ, ಯಾವ ಬಾಗಿಲು ಮುಚ್ಚಿದೆ, ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂಬುದನ್ನು ಮೊದಲು ಹೇಳಿ.